ಕುಡಿದವನ ಲಿವರಿಗೆ ಯಾರ ದುಡ್ಡು?

ಹೈದರಾಬಾದಿನ ಪಂಜಾಗುಟ್ಟದಲ್ಲಿರುವ ನಿಮ್ಸ್ ಆಸ್ಪತ್ರೆಯಲ್ಲಿ, ಬಡವರಿಗೆ ಸರ್ಕಾರದ ದುಡ್ಡಿನಲ್ಲಿ ಚಿಕಿತ್ಸೆ ಕೊಡಿಸುವ ಆರೋಗ್ಯಶ್ರೀ ಯೋಜನೆಯ ಕೌಂಟರಿನಲ್ಲಿ ಕೂರುವ ಸಿಬ್ಬಂದಿಗೆ ಆರೋಗ್ಯಮಿತ್ರ ಎಂದು ಹೆಸರು. ಅವರಿಗೆ ಬೇಕಾದದ್ದು ಕಾರ್ಡು, ಆಧಾರ್, ವೈದ್ಯರ ವರದಿ, ರೋಗಿಯ ಫೋಟೊ. ಎಲ್ಲವನ್ನೂ ಆನ್‌ಲೈನಿನಲ್ಲಿ ಕಳಿಸಿ, ಮಂಜೂರಾತಿ ಬಂದರೆ ಚಿಕಿತ್ಸೆ ಶುರು. ಕುಡಿಯುವ, ಸೇದುವ ಅಭ್ಯಾಸವನ್ನು ವೈದ್ಯರು ಕೇಳಿ ಬರೆದುಕೊಳ್ಳುತ್ತಾರೆ, ನಿಜ. ಆದರೆ ಕಾರ್ಡಿನ ಹಕ್ಕು ಆ ಉತ್ತರದ ಮೇಲೆ ನಿಂತಿಲ್ಲ. 2007ರಲ್ಲಿ ಅವಿಭಜಿತ ಆಂಧ್ರಪ್ರದೇಶದ ವೈ.ಎಸ್. ರಾಜಶೇಖರ ರೆಡ್ಡಿ ಸರ್ಕಾರ ತಂದ ಈ ಯೋಜನೆಯ ವೆಚ್ಚದ ಮಿತಿಯನ್ನು ತೆಲಂಗಾಣ 2023ರ ಡಿಸೆಂಬರಿನಲ್ಲಿ 10 ಲಕ್ಷ ರೂಪಾಯಿಗೆ ಏರಿಸಿತು.

ಅದೇ ಊರಿನ ನಾನಕ್‌ರಾಮಗುಡದಲ್ಲಿ ಇಡೀ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರದ ಕಚೇರಿಯಿದೆ. ಖಾಸಗಿ ಆರೋಗ್ಯ ವಿಮೆಯಲ್ಲಿ ಏನೇನನ್ನು ಹೊರಗಿಡಬಹುದು ಎಂದು ಅದು 2019ರಲ್ಲಿ ಒಂದು ಮಾದರಿ ಪಟ್ಟಿ ಮಾಡಿತು. ಮದ್ಯದ ಚಟ, ಮಾದಕ ವಸ್ತುಗಳ ಚಟ, ಅವುಗಳಿಂದ ಬಂದ ಕಾಯಿಲೆ ಅದರಲ್ಲಿವೆ. ಕಂಪನಿಯ ಲೆಕ್ಕ ಅದು, ತಪ್ಪೆನ್ನಲಾರೆ. ತೆರಿಗೆ ಕಟ್ಟುವವರೂ ಇದೇ ಲೆಕ್ಕ ಹಿಡಿದು ಕೇಳುತ್ತಾರೆ: ಅವನು ಕುಡಿದು ಕೆಡಿಸಿಕೊಂಡದ್ದಕ್ಕೆ ನಮ್ಮ ದುಡ್ಡು ಯಾಕೆ?

ಕೇಳಬೇಕಾದ ಪ್ರಶ್ನೆಯೇ. ಆದರೆ ಕೇಳುವ ಮುನ್ನ ಅಬಕಾರಿ ಇಲಾಖೆಯ ಕಡೆ ಒಮ್ಮೆ ನೋಡಬೇಕು. 2023ರಲ್ಲಿ ತೆಲಂಗಾಣದ 2,620 ಮದ್ಯದಂಗಡಿಗಳಿಗೆ ಬಂದ ಅರ್ಜಿಗಳು ಸುಮಾರು 1.31 ಲಕ್ಷ. ಅರ್ಜಿಯೊಂದಕ್ಕೆ 2 ಲಕ್ಷ ರೂಪಾಯಿ, ಅಂಗಡಿ ಸಿಗಲಿ ಬಿಡಲಿ ವಾಪಸಿಲ್ಲ. ಒಂದು ಬಾಟಲಿಯೂ ಮಾರಾಟವಾಗುವ ಮೊದಲೇ ಬೊಕ್ಕಸಕ್ಕೆ 2,600 ಕೋಟಿ ದಾಟಿತು. ಬಾಟಲಿಯ ಬೆಲೆಯಲ್ಲೂ ತೆರಿಗೆ ಸೇರಿರುವುದರಿಂದ ಕುಡಿಯುವವನು ಅಂಗಡಿಯಲ್ಲೇ ದಂಡ ಕಟ್ಟಿರುತ್ತಾನೆ. ಆಸ್ಪತ್ರೆಯ ಬಾಗಿಲಲ್ಲಿ ಎರಡನೇ ಸಲ ವಸೂಲಿ ಮಾಡುವುದು ನ್ಯಾಯವಲ್ಲ.

ಇನ್ನು ‘ತಾನಾಗಿ ತಂದುಕೊಂಡದ್ದು’ ಎಂಬ ಮಾತು. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿ ಸುತ್ತ ಅಗ್ಗದ ಸೇಂದಿ ಕುಡಿದು ಹಲವರು ಸತ್ತರು. ನಿಮ್ಸ್ ಸೇರಿದ ಕೆಲವರಿಗೆ ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್ ಬೇಕಾಯಿತು. ಸೇಂದಿಯಲ್ಲಿ ಬೆರೆತಿದ್ದದ್ದು ಆಲ್ಪ್ರಜೋಲಾಮ್, ನಿದ್ದೆಗೂ ಆತಂಕಕ್ಕೂ ಕೊಡುವ ಔಷಧಿ. ಕುಡಿದದ್ದು ಅವರ ಆಯ್ಕೆ ಇರಬಹುದು. ಬೆರಕೆಯೂ ಅವರ ಆಯ್ಕೆಯೇ?

ನಿಜವಾಗಿ ಕಷ್ಟ ಬರುವುದು ಅಂಗಾಂಗ ಕಸಿಯಲ್ಲಿ. ಮೃತರ ಅಂಗದಾನಕ್ಕಾಗಿ ಇಲ್ಲಿ 2013ರಿಂದ ‘ಜೀವನ್‌ದಾನ್’ ಎಂಬ ಸರ್ಕಾರಿ ಕಾರ್ಯಕ್ರಮ ನಡೆದಿದೆ. ಹಣ ಎಷ್ಟಿದ್ದರೂ ಲಿವರ್ ಒಂದೇ, ಕಾಯುವವರು ಅನೇಕರು. ಆರು ತಿಂಗಳು ಕುಡಿತ ಬಿಟ್ಟಿರಬೇಕೆಂಬ ನಿಯಮ ಜಗತ್ತಿನ ಬಹಳ ಕಸಿ ಕೇಂದ್ರಗಳಲ್ಲಿ ಬಳಕೆಗೆ ಬಂತು. ಅಷ್ಟು ದಿನ ಬದುಕದವರು ಏನು ಮಾಡಬೇಕು? ಔಷಧಿಗೆ ಬಗ್ಗದ ತೀವ್ರ ಮದ್ಯಜನ್ಯ ಹೆಪಟೈಟಿಸ್‌ನ 26 ಜನರಿಗೆ ಕಾಯಿಸದೆ ಕಸಿ ಮಾಡಿದ ಫ್ರಾನ್ಸ್, ಬೆಲ್ಜಿಯಂ ವೈದ್ಯರು 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳ ನಂತರ ಬದುಕಿದ್ದವರು ಶೇ. 77, ಕಸಿಯಿಲ್ಲದವರಲ್ಲಿ ಶೇ. 23. ಮತ್ತೆ ಕುಡಿತಕ್ಕೆ ಮರಳಿದವರು 3 ಜನ.

ಹಾಗಾಗಿ ಇಲ್ಲಿ ಚಟವನ್ನು ಲೆಕ್ಕಕ್ಕೆ ಹಿಡಿಯುವುದಾದರೆ ಕೊಟ್ಟ ಅಂಗ ಉಳಿಯುತ್ತದೆಯೇ ಎಂದು ತಿಳಿಯಲಷ್ಟೇ ಹಿಡಿಯಬೇಕು. ಅದರಲ್ಲೂ ಒಂದು ತೊಡಕಿದೆ. ಆ ವೈದ್ಯರು ಆರಿಸಿಕೊಂಡದ್ದು ಬೆನ್ನಿಗೆ ನಿಲ್ಲುವ ಮನೆಯವರಿದ್ದ ರೋಗಿಗಳನ್ನು. ಊರು ಬಿಟ್ಟು ಹೈದರಾಬಾದಿಗೆ ಕೂಲಿಗೆ ಬಂದು ಶೆಡ್ಡಿನಲ್ಲಿ ಒಂಟಿಯಾಗಿರುವವನ ಪರವಾಗಿ ವೈದ್ಯರ ಮುಂದೆ ಕೂತು ಮಾತಾಡುವವರು ಯಾರೂ ಇರುವುದಿಲ್ಲ.