ಕೊಂಬೆ ಇಳಿಸುವ ಹಗ್ಗ

ಮಳೆಗಾಲ ಸಮೀಪಿಸಿತೆಂದರೆ ಮಲಾಡಿನ ವಸತಿ ಸೊಸೈಟಿಗಳಿಗೆ ಅಂಗಳದ ಮರಗಳ ಚಿಂತೆ ಆರಂಭವಾಗುತ್ತದೆ. 2021ರ ಮೇ 17ರಂದು ತೌಕ್ತೆ ಚಂಡಮಾರುತದ ಗಾಳಿಗೆ ಮುಂಬಯಿಯಲ್ಲಿ ನೂರಾರು ಮರಗಳು ಉರುಳಿದುದನ್ನು ಜನರು ಮರೆತಿಲ್ಲ. ಮರಕ್ಕೆ ಕತ್ತಿ ಹಾಕುವ ಮುನ್ನ, ಮಹಾರಾಷ್ಟ್ರದ 1975ರ ವೃಕ್ಷ ಸಂರಕ್ಷಣಾ ಕಾನೂನಿನಂತೆ ವೃಕ್ಷ ಪ್ರಾಧಿಕಾರದ ಅನುಮತಿ ಬೇಕೆಂಬುದನ್ನು ಹಲವರು ಬಲ್ಲರು. ಆದರೆ ಕೊಂಬೆ ಇಳಿಸುವ ಹಗ್ಗ ಎಂಥದೆಂದು ವಿಚಾರಿಸುವವರು ವಿರಳ. ಮರವೇರಿದವನ ಪ್ರಾಣ, ಕೆಳಗೆ ನಿಂತವನ ಪ್ರಾಣ, ಎರಡೂ ಅದನ್ನೇ ಅವಲಂಬಿಸಿವೆ.

ಹಗ್ಗ ದಪ್ಪವಿದ್ದರೆ ಸಾಕೆಂಬ ನಂಬಿಕೆ ಸರಿಯಲ್ಲ. 100 ಕಿಲೋ ತೂಕದ ಕೊಂಬೆ ಸುಮ್ಮನೆ ತೂಗುತ್ತಿರುವಾಗ ಹಗ್ಗದ ಮೇಲಿನ ಭಾರ 100 ಕಿಲೋ ಮಾತ್ರ. ಅದೇ ಕೊಂಬೆ 1 ಮೀಟರ್ ಬಿದ್ದು, ಹಗ್ಗವು 10 ಸೆಂಟಿಮೀಟರ್ ಹಿಗ್ಗಿ ತಡೆದರೆ, ಆ ಕ್ಷಣದ ಸೆಳೆತ ಲೆಕ್ಕದ ಪ್ರಕಾರ ಸುಮಾರು 2,200 ಕಿಲೋ ಭಾರಕ್ಕೆ ಸಮನಾಗುತ್ತದೆ. 25 ಸೆಂಟಿಮೀಟರ್ ಹಿಗ್ಗಿದರೆ ಅದು ಸುಮಾರು 1,000 ಕಿಲೋಗೆ ಇಳಿಯುತ್ತದೆ. ಹಗ್ಗವನ್ನು ಕಾಂಡಕ್ಕೆ ಎರಡು ಮೂರು ಸುತ್ತು ಹಾಕಿ, ಕೆಳಗಿನವನು ಮೆಲ್ಲಮೆಲ್ಲನೆ ಸಡಿಲಿಸಿದರೆ ಸೆಳೆತ ಮತ್ತಷ್ಟು ತಗ್ಗುತ್ತದೆ.

ಕರಾವಳಿಯಿಂದ ಬಂದವರಿಗೆ ಚಿರಪರಿಚಿತವಾದ ತೆಂಗಿನ ನಾರಿನ ಹಗ್ಗವು ಗೊನೆ ಇಳಿಸಲು ಸಾಕು; ದೊಡ್ಡ ಕೊಂಬೆಗೆ ಅದರ ಬಲ ಸಾಲದು. ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ ಪ್ಲಾಸ್ಟಿಕ್ ಹಗ್ಗ ಹೆಚ್ಚಾಗಿ ಪಾಲಿಪ್ರಾಪಿಲೀನ್. ಅದು ಬಿಸಿಲಿಗೆ ಬೇಗ ಜೀರ್ಣವಾಗುತ್ತದೆ. ಸುಮಾರು 165 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಉಜ್ಜುವಿಕೆಯ ಶಾಖವನ್ನೂ ತಾಳದು. ನೈಲಾನ್ ಬಲಶಾಲಿ, ಚೆನ್ನಾಗಿ ಹಿಗ್ಗಿ ಆಘಾತವನ್ನು ನುಂಗುತ್ತದೆ. ಆದರೆ ನೆನೆದಾಗ ಅದರ ಬಲ ಕುಗ್ಗುತ್ತದೆ. ಇಕ್ಕಟ್ಟಾದ ಅಂಗಳದಲ್ಲಿ ಅತಿಯಾಗಿ ಹಿಗ್ಗಿದರೆ ಕೊಂಬೆಯು ನೆಲಮಹಡಿಯ ಕಿಟಕಿಗೆ ಬಡಿಯಲೂಬಹುದು. ಪಾಲಿಯೆಸ್ಟರ್ ಹಗ್ಗವು ನೀರು, ಬಿಸಿಲು, ಶಾಖಗಳನ್ನು ಹೆಚ್ಚು ತಾಳಿಕೊಳ್ಳುತ್ತದೆ. ಮುಂಬಯಿಯ ಹವೆಗೆ ಅದೇ ಉತ್ತಮ. ಹಿಗ್ಗುವುದು ಕಡಿಮೆಯಾದುದರಿಂದ ಅದನ್ನು ಸಡಿಲಿಸುತ್ತಲೇ ಭಾರ ಇಳಿಸಬೇಕು.

ಹಗ್ಗ ಹರಿಯುವ ಭಾರದ ಹತ್ತನೆಯ ಒಂದು ಪಾಲನ್ನು ಮಾತ್ರ ಅದಕ್ಕೆ ಹೊರಿಸುವುದು ಕ್ಷೇಮಕರ. ಗಂಟು ಹಾಕಿದಲ್ಲಿ ಹಗ್ಗದ ಬಲ ಮೂರನೆಯ ಒಂದು ಪಾಲು, ಕೆಲವೊಮ್ಮೆ ಅರ್ಧದಷ್ಟೂ ಕಡಿಮೆಯಾಗುತ್ತದೆ. ಎಳೆ ಕಡಿದ, ಕರಗಿ ಗಟ್ಟಿಯಾದ, ಒಮ್ಮೆ ಭಾರೀ ಸೆಳೆತಕ್ಕೆ ಸಿಕ್ಕಿದ ಹಗ್ಗವನ್ನು ಬಿಸಾಡಬೇಕು. ಕೊಂಬೆ ಕಟ್ಟಿದ ಹಗ್ಗಕ್ಕೆ ಮನುಷ್ಯನನ್ನು ಎಂದಿಗೂ ಕಟ್ಟಬಾರದು. ಅವನ ಹಗ್ಗ ಬೇರೆಯೇ ಇರಬೇಕು.

ಮರವೇರುವವನು ದಿನಗೂಲಿಯವನು, ಹಗ್ಗವನ್ನು ಆರಿಸುವ ಸ್ವಾತಂತ್ರ್ಯ ಅವನಿಗೆ ಇರುವುದಿಲ್ಲ. ಆದುದರಿಂದ ಗುತ್ತಿಗೆ ಕೊಡುವ ಸಮಿತಿಯವರು ದರವನ್ನು ಚರ್ಚಿಸುವ ಮೊದಲು ಹಗ್ಗವನ್ನು ಕೈಯಾರೆ ಪರೀಕ್ಷಿಸುವುದು ಅವರ ಕರ್ತವ್ಯವೇ ಆಗಿದೆ.