ಅಪ್ರೆಂಟಿಸ್: ಬಿಟ್ಟಿ ಚಾಕರಿಯೋ, ಅರ್ಧ ನೌಕರಿಯೋ?

ಐಟಿಐ ಫಲಿತಾಂಶ ಬಂದ ವಾರ ಮನೆಯಲ್ಲಿ ಏಳುವ ಪ್ರಶ್ನೆ: ಅಪ್ರೆಂಟಿಸ್‌ಗೆ ಹೋಗೋದಾ, ಬೇಡ್ವಾ? ಸಲಹೆ ಕೊಡುವವರಲ್ಲಿ ಎರಡು ಬಣ. ಒಬ್ಬರಿಗೆ ಅದು ಬಿಟ್ಟಿ ಚಾಕರಿ, ಇನ್ನೊಬ್ಬರಿಗೆ ಆಗಲೇ ಸಿಕ್ಕಿದ ಅರ್ಧ ನೌಕರಿ. ಇಬ್ಬರದೂ ತಪ್ಪು.

"ಪುಕ್ಕಟೆ ದುಡಿಸಿಕೊಳ್ತಾರೆ"

1961ರ ಅಪ್ರೆಂಟಿಸ್ ಕಾಯ್ದೆಯಂತೆ ಒಪ್ಪಂದ ನೋಂದಣಿಯಾಗಬೇಕು, ತಿಂಗಳಿಗೆ ಸ್ಟೈಪೆಂಡ್ ಕೊಡಬೇಕು. 2019ರ ತಿದ್ದುಪಡಿ ಕನಿಷ್ಠ ಮೊತ್ತವನ್ನು ಓದಿಗೆ ತಕ್ಕಂತೆ 5,000ದಿಂದ 9,000 ರೂಪಾಯಿಗೆ ನಿಗದಿ ಮಾಡಿತು. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿದರೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ, ನಿಜ. ಆದರೆ ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕರದೇ. 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಹಾಗಾಗಿ ಅರ್ಜಿ ಹಾಕುವಾಗ ಯಾರ ದಯೆಗೂ ಕೈಯೊಡ್ಡಿ ನಿಲ್ಲಬೇಕಾಗಿಲ್ಲ.

"ಐಟಿಐನಲ್ಲಿ ಕಲಿತದ್ದನ್ನೇ ಮತ್ತೆ ಕಲಿಸ್ತಾರೆ"

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ ಇದು. ಐಟಿಐ ಲೇತ್‌ನಲ್ಲಿ ಜಾಬ್ ಕೆಟ್ಟರೆ ಸ್ಕ್ರ್ಯಾಪ್ ಡಬ್ಬಕ್ಕೆ ಎಸೆದು ಇನ್ನೊಂದು ತುಂಡು ಹಚ್ಚಬಹುದು. ಕಾರ್ಖಾನೆಯಲ್ಲಿ ಅದು ಯಾರೋ ಕಾಯುತ್ತಿರುವ ಮಾಲು. ಮೈಕ್ರೋಮೀಟರ್ ತೋರಿಸುವ ಒಂದು ಗೀಟು, ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲು, ಎಷ್ಟು ದೊಡ್ಡದೆಂದು ಇನ್‌ಸ್ಪೆಕ್ಷನ್‌ನವರು ತುಂಡನ್ನು ವಾಪಸ್ ಕಳಿಸಿದ ದಿನ ಅರ್ಥವಾಗುತ್ತದೆ. ಟೂಲ್ ಮೊಂಡಾದದ್ದನ್ನು ಸದ್ದಿನಲ್ಲೇ ಹಿಡಿಯುವ ಹಳೇ ಆಪರೇಟರ್ ಪಕ್ಕದಲ್ಲಿ ವರ್ಷ ನಿಂತರೆ ಕಿವಿಯೂ ಪಳಗುತ್ತದೆ. ಯಾವ ಪಠ್ಯದಲ್ಲೂ ಆ ಪಾಠವಿಲ್ಲ.

"ಮುಗಿದ ಮೇಲೆ ಅಲ್ಲೇ ಪರ್ಮನೆಂಟ್"

ಖಾತ್ರಿ ಇಲ್ಲ. ಒಪ್ಪಂದದಲ್ಲೇ ಬರೆದಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಕೆಲಸ ಕೊಡಲೇಬೇಕೆಂಬ ಬಾಧ್ಯತೆಯನ್ನು ಕಾಯ್ದೆ ಮಾಲೀಕರ ಮೇಲೆ ಹೊರಿಸಿಲ್ಲ. ಆದರೂ 1995ರಲ್ಲಿ ಉತ್ತರ ಪ್ರದೇಶದ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಉಳಿದೆಲ್ಲ ಅರ್ಹತೆ ಸಮನಾಗಿದ್ದರೆ ತರಬೇತಿ ಪಡೆದವರಿಗೆ ಆದ್ಯತೆ ಇರಲಿ ಎಂದಿತು. ರೈಲ್ವೆಯಂತೂ ಲೆವೆಲ್-1 ನೇರ ನೇಮಕಾತಿಯಲ್ಲಿ ಶೇ 20ರಷ್ಟು ಹುದ್ದೆಗಳನ್ನು ತನ್ನಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆಂದೇ ಇಟ್ಟಿದೆ. ಹುಬ್ಬಳ್ಳಿ, ಮೈಸೂರು ವರ್ಕ್‌ಶಾಪ್‌ಗಳಿಗೆ ಅರ್ಜಿ ಹಾಕುವ ಹುಡುಗರಿಗೆ ಇದು ಚೆನ್ನಾಗಿ ಗೊತ್ತು.

"ಓದು ಹತ್ತದವರ ದಾರಿ"

ಡಿಪ್ಲೊಮಾ, ಎಂಜಿನಿಯರಿಂಗ್, ಬಿಕಾಂ ಮುಗಿಸಿದವರೂ ಇಲ್ಲಿದ್ದಾರೆ. ಇಷ್ಟು ಸಾಕು.

ಒಂದು ಎಚ್ಚರಿಕೆ ಮಾತ್ರ ಇದೆ. "ಟ್ರೈನಿ" ಎಂದು ಹೆಸರಿಟ್ಟು, ಒಪ್ಪಂದವನ್ನು ನೋಂದಾಯಿಸದೆ ವರ್ಷಗಟ್ಟಲೆ ದುಡಿಸುವವರೂ ಇದ್ದಾರೆ. ಬಿಟ್ಟಿ ಚಾಕರಿ ಎಂಬ ಮಾತು ಹುಟ್ಟಿದ್ದೇ ಅಂಥ ಕಡೆ ಇರಬೇಕು. ಸೇರುವ ಮೊದಲು, "ಸರ್, ಒಪ್ಪಂದ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿ ಆಗುತ್ತಲ್ಲ?" ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಗೇಟು ನೋಡಿ.