ಸಾಗರದ ತಗ್ಗು, ಪಾತಾಳದ ಗುಡ್ಡೆ

ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ನೀರಿನ ಮಟ್ಟ ಒಂದೆಡೆ 106 ಮೀಟರಿನಷ್ಟು ತಗ್ಗಿದೆ. ಈ ತಗ್ಗು ಎಷ್ಟು ವಿಶಾಲವೆಂದರೆ ಹಡಗಿನವರಿಗೆ ಇಳಿಜಾರು ಗೊತ್ತೇ ಆಗುವುದಿಲ್ಲ. ಅಲ್ಲಿ ಗುರುತ್ವ ಬಲ ಕಡಿಮೆ. ಅಂದರೆ ಕೆಳಗೆಲ್ಲೋ ಹಗುರವಾದದ್ದೇನೋ ಇದೆ. ಅಗೆದು ನೋಡೋಣವೆಂದರೆ, ರಷ್ಯಾದ ಕೋಲಾದಲ್ಲಿ ಸುಮಾರು ಎರಡು ದಶಕ ಕೊರೆದರೂ ಇಳಿಯಲಾದದ್ದು 12 ಕಿಲೋಮೀಟರ್ ಚಿಲ್ಲರೆ. ಭೂಮಿಯ ಹೊರಚಿಪ್ಪಿನ ಕೆಳಗಿನ ಬಂಡೆಯ ಪದರ, ಅಂದರೆ ಮ್ಯಾಂಟಲ್‌ನ ತಳ ಇರುವುದು 2,900 ಕಿಲೋಮೀಟರ್ ಆಳದಲ್ಲಿ.

ಅಷ್ಟು ಆಳ ಹೊಕ್ಕು ಹೊರಬರುವವು ಭೂಕಂಪದ ಅಲೆಗಳು. ಮೊದಲು ತಲುಪುವುದು ಪಿ ಅಲೆ, ಹಿಂದಿನಿಂದ ಎಸ್ ಅಲೆ. ದೂರದ ಕೇಂದ್ರಗಳ ದಾಖಲೆಗಳಲ್ಲಿ ಇವನ್ನು ಬೇರೆಬೇರೆಯಾಗಿ ಗುರುತಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಓಲ್ಡ್‌ಹ್ಯಾಮ್; ಅವರಿಗೆ ಸುಳಿವು ಕೊಟ್ಟದ್ದು 1897ರ ಅಸ್ಸಾಂ ಭೂಕಂಪ.

ಕಾದ ಬಂಡೆಯಲ್ಲಿ ಅಲೆ ನಿಧಾನಿಸುತ್ತದೆ, ತಣ್ಣನೆಯದರಲ್ಲಿ ಚುರುಕಾಗುತ್ತದೆ. ವ್ಯತ್ಯಾಸ ಶೇಕಡ ಎರಡೋ ಮೂರೋ, ತಡವಾಗುವುದು ಕೆಲವೇ ಸೆಕೆಂಡು. ಒಂದು ಬಸ್ಸು ತಡವಾದರೆ ಟ್ರಾಫಿಕ್ ಜಾಮ್ ಎಲ್ಲಿತ್ತೆಂದು ಹೇಳಲಾಗದು. ನಾನಾ ಊರುಗಳಿಂದ ಬಂದ ನೂರು ಬಸ್ಸುಗಳಲ್ಲಿ ಯಾವುದು ತಡ, ಯಾವುದು ಸಮಯಕ್ಕೆ ಸರಿಯಾಗಿ ಬಂತು ಎಂದು ತಾಳೆ ನೋಡಿದರೆ ಸಿಕ್ಕಿಹಾಕಿಕೊಂಡ ಸರ್ಕಲ್ ಯಾವುದೆಂದು ತಿಳಿದೀತು. ಸೀಸ್ಮಿಕ್ ಟೊಮೊಗ್ರಫಿ ಮಾಡುವುದೂ ಇದನ್ನೇ, ಲಕ್ಷಗಟ್ಟಲೆ ಅಲೆಗಳನ್ನಿಟ್ಟುಕೊಂಡು. ಇದಕ್ಕೆ ಬೇಕಾದ ಕೇಂದ್ರಗಳಲ್ಲಿ ಹಲವು ಹುಟ್ಟಿದ್ದು 1960ರ ದಶಕದಲ್ಲಿ, ಅಣುಬಾಂಬ್ ಪರೀಕ್ಷೆಗಳನ್ನು ಪತ್ತೆಹಚ್ಚಲು. ನಮ್ಮ ಗೌರಿಬಿದನೂರಿನ ಕೇಂದ್ರವೂ ಆ ಕಾಲದ್ದೇ.

1980ರ ದಶಕದಲ್ಲಿ ಹಾರ್ವರ್ಡ್‌ನ ಆಡಂ ಜಿವೊನ್ಸ್ಕಿ ಮತ್ತಿತರರು ಬರೆದ ನಕ್ಷೆಗಳಲ್ಲಿ ಮ್ಯಾಂಟಲ್‌ನ ತಳದಲ್ಲಿ ಎರಡು ಭಾರಿ ಗುಡ್ಡೆಗಳು ಕಂಡವು: ಒಂದು ಆಫ್ರಿಕಾದ ಕೆಳಗೆ, ಇನ್ನೊಂದು ಪೆಸಿಫಿಕ್‌ನ ಕೆಳಗೆ. ಎರಡೂ ಖಂಡದಷ್ಟು ಅಗಲ. ಪತ್ರಿಕೆಗಳಲ್ಲಿ ಕೆಂಪು-ನೀಲಿಯಾಗಿ ಅಚ್ಚಾಗುವ ಈ ಚಿತ್ರಗಳನ್ನು ಫೋಟೊ ಎಂದುಕೊಳ್ಳಬಾರದು. ಕೆಂಪೆಂದರೆ ಅಲೆ ನಿಧಾನವಾದ ಜಾಗ, ಅಷ್ಟೇ. ಕಾರಣ ಬರೀ ಬಿಸಿಯೋ, ಬಂಡೆಯ ಜಾತಿಯೇ ಬೇರೆಯೋ ಎಂಬ ಜಗಳ ಇನ್ನೂ ತೀರಿಲ್ಲ.

ಸಾಗರದ ತಗ್ಗಿಗೆ ಆಫ್ರಿಕಾದ ಗುಡ್ಡೆಯನ್ನು ಗಂಟುಹಾಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್. ಕಂಪ್ಯೂಟರಿನಲ್ಲಿ 14 ಕೋಟಿ ವರ್ಷಗಳ ಮ್ಯಾಂಟಲ್ ಚಲನೆಯನ್ನು ಮರುಸೃಷ್ಟಿಸಿ ಅವರು 2023ರಲ್ಲಿ ಕೊಟ್ಟ ವಿವರಣೆ ಹೀಗಿದೆ: ಭಾರತ ಉತ್ತರಕ್ಕೆ ಸರಿದಂತೆ ಅದರ ಮುಂದಿದ್ದ ಪುರಾತನ ಟೆಥಿಸ್ ಸಾಗರದ ತಳ ಮ್ಯಾಂಟಲ್‌ಗೆ ಮುಳುಗಿತು, ಅದು ಕೆಳಗಿಳಿದು ಆಫ್ರಿಕಾದ ಗುಡ್ಡೆಯನ್ನು ಕದಡಿತು, ಕದಡಿ ಮೇಲೆದ್ದ ಬಿಸಿ, ಹಗುರ ದ್ರವ್ಯ ಇಂದು ಹಿಂದೂ ಮಹಾಸಾಗರದ ಕೆಳಗೆ, ಮ್ಯಾಂಟಲ್‌ನ ಮೇಲ್ಭಾಗ ಮತ್ತು ನಡುಭಾಗದಲ್ಲಿದೆ. ಆದರೆ ಭೂಕಂಪದ ಅಲೆಗಳನ್ನು ದಾಖಲಿಸುವ ಸೀಸ್ಮೋಮೀಟರುಗಳು ಹೆಚ್ಚಾಗಿ ನೆಲದ ಮೇಲಿವೆ. ನಡುಸಾಗರದ ಕೆಳಗಿನ ನಕ್ಷೆ ಈಗಲೂ ಮಸುಕು. ಈ ಲೆಕ್ಕ ಸರಿಯೇ ಎಂದು ಪರೀಕ್ಷಿಸಬೇಕಾದರೆ ಉಪಕರಣಗಳನ್ನು ಸಮುದ್ರತಳಕ್ಕೇ ಇಳಿಸಬೇಕು, ಭೂಕಂಪಗಳಿಗಾಗಿ ಕಾಯಬೇಕು.